ರಾ ಪಕ್ಕದ ಎರಡು ಗೀಟು

ಸುಲ್ತಾನ್‌ಪೇಟೆಗೆ ಲಗ್ನಪತ್ರಿಕೆ ಮಾಡಿಸಲು ಬಂದವರು ಮೊದಲು ಕಾರ್ಡಿನ ಬಣ್ಣ ನೋಡುತ್ತಾರೆ, ಆಮೇಲೆ ಮೇಲಿನ ಗಣಪತಿ, ಆಮೇಲೆ ದರ. ಒಳಗಿನ ಅಕ್ಷರಗಳನ್ನು ನೋಡುವವರು ಕಡಿಮೆ. ಚಕ್ರಪಾಣಿಯವರ ಅಂಗಡಿಯಲ್ಲಿ ಆ ಕೆಲಸ ಅಕ್ಕಯಮ್ಮ ಅವರದು. ಮೆಟ್ಟಿಲ ಕೆಳಗಿನ ಮೇಜಿನ ಮುಂದೆ ಅವರು ಕೂತು ನಲವತ್ತೆರಡು ವರ್ಷವಾಯಿತು. ಮೊದಲ ಹದಿನೈದು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದರು. ಕಂಪ್ಯೂಟರು ಬಂದ ಮೇಲೆ ಮೊಳೆಗಳು ತೂಕಕ್ಕೆ ಹೋದವು, ಅಕ್ಕಯಮ್ಮ ಕರಡು ತಿದ್ದುವುದಕ್ಕೆ ಉಳಿದುಕೊಂಡರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. ಆದರೂ 'ಆಹ್ವಾನ'ದಲ್ಲಿ ಒಂದು ಒತ್ತು ಬಿಟ್ಟುಹೋದರೆ ಅನ್ನ ತಿನ್ನುವಾಗ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ ಅವರ ಕಣ್ಣಿಗೆ ಸಿಕ್ಕಿಬಿಡುತ್ತದೆ.

ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಕರಡಿನ ಕೆಳಗೆ ಮದುವೆ ಮನೆಯವರು 'ಸರಿಯಿದೆ' ಎಂದು ಕೈಯಾರೆ ಬರೆದು ಸಹಿ ಹಾಕಬೇಕು. ಸಹಿ ಬೀಳದೆ ಒಂದು ಕಾರ್ಡೂ ಅಚ್ಚಾಗುವುದಿಲ್ಲ.

ಈ ಸಲ ಮೇಜಿನ ಮೇಲಿದ್ದದ್ದು ಅಕ್ಕಯಮ್ಮ ಅವರ ಮಗಳ ಮದುವೆಯ ಕರಡು. ಮಗಳು ರಂಜಿನಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಗಂಡು ರವಿಕುಮಾರ್ ಚಾಮರಾಜಪೇಟೆಯವನು, ತಂದೆ ಇಲ್ಲ, ದೊಡ್ಡಪ್ಪ ಸಿದ್ದಬಸಪ್ಪನವರೇ ಸಾಕಿ ಓದಿಸಿದ್ದು. ರಂಜಿನಿಯ ತಂದೆಯೂ ತೀರಿಕೊಂಡಿದ್ದರಿಂದ ಹೆಣ್ಣಿನ ಕಡೆಯಿಂದ ಅಕ್ಕಯಮ್ಮ ಅವರೇ ಸಹಿ ಹಾಕಿಯಾಗಿತ್ತು. ಗಂಡಿನ ಕಡೆಯಿಂದ ಸಿದ್ದಬಸಪ್ಪನವರ ಸಹಿ ಬೀಳಬೇಕಿತ್ತು. ಕರಡಿನ ನಡುವೆ ದೊಡ್ಡ ಅಕ್ಷರದಲ್ಲಿ ಎರಡು ಸಾಲು:

ಚಿ|| ರಾ|| ರಂಜಿನಿ

ಚಿ|| ರಾ|| ರವಿಕುಮಾರ್

ಗಂಡಿಗೆ 'ಚಿ|| ರಾ||' ಬರೆಯುವುದು ಎಲ್ಲರಿಗೂ ಗೊತ್ತು. ಹೆಣ್ಣಿಗೆ 'ಚಿ|| ಕುಂ|| ಸೌ||' ಬರೆಯುವುದೂ ಗೊತ್ತು. ಹೆಣ್ಣಿಗೆ 'ರಾ||' ಬರೆದದ್ದನ್ನು ಸುಲ್ತಾನ್‌ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ. ಆ ಒಂದಕ್ಷರಕ್ಕಾಗಿ ಮದುವೆ ನಿಲ್ಲುವ ಹಾಗಾಗಿತ್ತು.

ಈ 'ರಾ' ಅಕ್ಕಯಮ್ಮ ಅವರಿಗೆ ಹೇಗೆ ಅಂಟಿಕೊಂಡಿತು ಎಂಬುದನ್ನು ಮೊದಲು ಹೇಳಬೇಕು.

ಅವರಿಗೆ ಹದಿನೆಂಟು ತುಂಬಿದಾಗ ಮದುವೆ ಗೊತ್ತಾಯಿತು. ಗಂಡು ಶ್ರೀನಿವಾಸಯ್ಯ, ಬಿನ್ನಿಪೇಟೆಯಲ್ಲಿ ಮಗ್ಗದ ಕೆಲಸದವರು. ಆಗ ಅಂಗಡಿ ನಡೆಸುತ್ತಿದ್ದವರು ಚಕ್ರಪಾಣಿಯವರ ತಂದೆ. ಎಲ್ಲರೂ ಅವರನ್ನು ದೊಡ್ಡ ಯಜಮಾನರು ಎನ್ನುತ್ತಿದ್ದರು. ಬಸವನಗುಡಿಯಿಂದ ದಿನಾ ನಡೆದೇ ಬರುತ್ತಿದ್ದರು, ಯಾರ ಮೇಲೂ ದನಿ ಏರಿಸಿದವರಲ್ಲ. "ನಿನ್ನ ಮದುವೆ ಕಾರ್ಡು ನೀನೇ ಜೋಡಿಸ್ಕೊಳಮ್ಮ. ಕಾಗದ, ಮಸಿ ಎಲ್ಲ ನನ್ನ ಉಡುಗೊರೆ" ಎಂದರು.

ಅಕ್ಕಯಮ್ಮ ಒಂದು ಮಧ್ಯಾಹ್ನವೆಲ್ಲ ಕೂತು ಜೋಡಿಸಿದರು. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಅದನ್ನು ಓದುವುದು ಅವರಿಗೆ ಅಷ್ಟು ಹೊತ್ತಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಗಂಡಿನ ಸಾಲಿಗೆ ಬಂದಾಗ 'ಚಿ||' ಇಟ್ಟು, ಪಕ್ಕದಲ್ಲಿ 'ರಾ||' ಇಟ್ಟರು. ಆ ಅಂಗಡಿಯಲ್ಲಿ 'ರಾ'ವನ್ನೂ ಎರಡು ಗೀಟನ್ನೂ ಕೂಡಿಸಿ ಒಂದೇ ಮೊಳೆಯಾಗಿ ಎರಕ ಹಾಕಿಸಿದ್ದರು, ಅಷ್ಟು ಸಲ ಬೇಕಾಗುತ್ತಿತ್ತು.

ದೊಡ್ಡ ಯಜಮಾನರು ಕನ್ನಡಕ ಏರಿಸಿ ನೋಡಿದರು.

"ಅಕ್ಕಯಮ್ಮ, ಇಲ್ಲೊಂದು ಮೊಳೆ ಕೈತಪ್ಪಿ ಬಂದಿದೆ."

"ಇಲ್ಲ ಯಜಮಾನ್ರೆ, ನಾನೇ ಇಟ್ಟಿದ್ದು. ಗಂಡಿನ ಇನಿಷಿಯಲ್ ಅಲ್ವಾ?"

ಅಚ್ಚಿನ ಯಂತ್ರ ತುಳಿಯುತ್ತಿದ್ದವನು ಕಾಲು ನಿಲ್ಲಿಸಿ ನಕ್ಕುಬಿಟ್ಟ. ಬಾಗಿಲ ಬಳಿ ಕಾಲೇಜಿನ ಪುಸ್ತಕ ಹಿಡಿದು ಕೂತಿದ್ದ ಚಕ್ರಪಾಣಿಯೂ ನಕ್ಕರು. ಅಕ್ಕಯಮ್ಮ ನಿಜವಾಗಿಯೂ ಹಾಗೇ ತಿಳಿದಿದ್ದರು. ಮದುವೆಯಾಗುವ ಗಂಡಿಗೆಲ್ಲ ಬರುವ ಅಕ್ಷರ ಅದು, ಕೆಲವರು ಕಾರ್ಡಿಗೆಂದು ಬರೆದು ತಂದ ಬರಹದಲ್ಲಿ ಇಲ್ಲದಿದ್ದರೆ ಅವರು ಬರೆಯಲು ಮರೆತಿದ್ದಾರೆ ಎಂದುಕೊಂಡಿದ್ದರು.

ದೊಡ್ಡ ಯಜಮಾನರು ನಗಲಿಲ್ಲ. "ರಾ ಅಂದ್ರೆ ರಾಜಶ್ರೀ ಕಣಮ್ಮ. ರಾಜನಿಗಿರೋ ಅಧಿಕಾರ, ಕಳೆ, ಸಂಪತ್ತು ಎಲ್ಲ ಕೂಡಿ ಒಂದು ಮಾತು. ಗೌರವಸ್ಥರ ಮನೆ ಗಂಡುಮಕ್ಕಳಿಗೆ ಹಾಕ್ತೀವಿ. ನಿಮ್ಮ ಪೈಕಿ ಅದು ರೂಢಿಯಿಲ್ಲ. ಬೇಜಾರು ಮಾಡ್ಕೋಬೇಡ" ಎಂದು ಮೆತ್ತಗೆ ಹೇಳಿದರು. ಹೇಳುತ್ತಲೇ ಚಿಮುಟ ಹಾಕಿ ಆ ಮೊಳೆಯನ್ನು ಕಿತ್ತರು. ಅದು ಜಾರಿ ಕಲ್ಲುನೆಲಕ್ಕೆ ಬಿದ್ದು, ಎರಡನೇ ಗೀಟು ಅರ್ಧಕ್ಕೆ ಮುರಿಯಿತು. ಸಾಲು ಆಗಲೇ ಬಿಗಿಯಾಗಿತ್ತು, ಮತ್ತೆ ಬಿಚ್ಚುವುದೇಕೆಂದು ಅಷ್ಟೇ ಅಗಲದ ಖಾಲಿ ತುಂಡೊಂದನ್ನು ಆ ಜಾಗಕ್ಕೆ ತುರುಕಿದರು.

ಹಾಗಾಗಿ ಅಕ್ಕಯಮ್ಮ ಅವರ ಲಗ್ನಪತ್ರಿಕೆಯಲ್ಲಿ 'ಚಿ||' ಆದಮೇಲೆ ಹಲ್ಲು ಬಿದ್ದ ಹಾಗೆ ಒಂದು ಬೆಳ್ಳನೆಯ ಜಾಗ. ಆಮೇಲೆ 'ಶ್ರೀನಿವಾಸಯ್ಯ'. ಕಾರ್ಡು ಕೈಗೆ ಬಂದಾಗ ಗಂಡ ಕೇಳಿದ್ದರಂತೆ, "ಇಲ್ಲೇನೋ ಬಿಟ್ಟೋಗಿದೆ?" ಎಂದು. "ಏನೂ ಬಿಟ್ಟಿಲ್ಲ, ಅದು ಹಾಗೇ" ಎಂದರಂತೆ ಅಕ್ಕಯಮ್ಮ.

ಮದುವೆ ಮುಗಿಸಿ ಕೆಲಸಕ್ಕೆ ಬಂದ ದಿನ ಅವರು ಎರಡು ಕೆಲಸ ಮಾಡಿದರು. ಕರಗಿಸಲು ಹಾಕಿಟ್ಟ ಹಾಳು ಮೊಳೆಗಳ ಡಬ್ಬದಲ್ಲಿ ಕೈಯಾಡಿಸಿ, ಅರ್ಧ ಗೀಟಿನ ಆ 'ರಾ' ಹುಡುಕಿ ಸೆರಗಿಗೆ ಗಂಟು ಹಾಕಿಕೊಂಡರು. ಆಮೇಲೆ ಅಂಗಡಿಯ ಹಳೆಯ ನಿಘಂಟು ತೆಗೆದು ರಾಜಶ್ರೀ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದರು. ಅರಸನ ಸಿರಿ ಎಂದಿತ್ತು. ಅರಸೊತ್ತಿಗೆ ಎಂದಿತ್ತು. ಕೊನೆಗೆ ರಾಜ್ಯಲಕ್ಷ್ಮಿ ಎಂದಿತ್ತು. ಆ ಕೊನೆಯ ಮಾತಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಲಕ್ಷ್ಮಿ ಎಂದ ಮೇಲೆ ಹೆಣ್ಣಲ್ಲವೇ ಎಂದುಕೊಂಡರು. ಆಗ ಅದು ಬರೀ ಒಂದು ಯೋಚನೆ, ಅಲ್ಲಿಗೇ ಬಿಟ್ಟರು.

ಬಿಡದೆ ಮಾಡಿದ್ದು ಇನ್ನೊಂದು. ಯಾರ ಬರಹದಲ್ಲಿ 'ರಾ' ಇಲ್ಲವೋ, ಅವರ ಕಾರ್ಡಿಗೆಲ್ಲ ಸೆರಗಿನ ಗಂಟು ಬಿಚ್ಚಿ ತಮ್ಮ ಮುರುಕು 'ರಾ' ಇಡತೊಡಗಿದರು. ಗಾರೆ ಕೆಲಸದವರ ಮಗ, ಪೌರಕಾರ್ಮಿಕರ ಮಗ, ಜಟಕಾ ಹೊಡೆಯುತ್ತಿದ್ದವರ ತಮ್ಮ, ಎಲ್ಲರೂ ಚಿ|| ರಾ|| ಆದರು. ಯಜಮಾನರ ಪೆಟ್ಟಿಗೆಯ ಒಳ್ಳೆಯ 'ರಾ'ಗಳನ್ನು ಈ ಕೆಲಸಕ್ಕೆ ಮುಟ್ಟಲಿಲ್ಲ. ಅವು ಅವರವು, ಇದು ನನ್ನದು ಎಂಬುದು ಅಕ್ಕಯಮ್ಮ ಅವರ ನ್ಯಾಯ. ಅಚ್ಚಾದ ಮೇಲೆ ಮೊಳೆಯನ್ನು ಸೀಮೆಎಣ್ಣೆಯಲ್ಲಿ ಒರೆಸಿ ಮತ್ತೆ ಗಂಟು ಹಾಕಿಕೊಳ್ಳುತ್ತಿದ್ದರು.

ವರ್ಷವಾದ ಮೇಲೆ ದೊಡ್ಡ ಯಜಮಾನರ ಕಣ್ಣಿಗೆ ಬಿತ್ತು.

"ಇದು ಯಾರ ಕೆಲಸ?"

"ನಂದೇ."

"ಬರಹದಲ್ಲಿ ಇಲ್ವಲ್ಲಮ್ಮ?"

"ಮರೆತಿರ್ತಾರೆ ಯಜಮಾನ್ರೆ."

"ಎಲ್ಲರೂ ಮರೀತಾರಾ?"

"ಮರೀಲಿಲ್ಲ. ಮರೆಸಿದಾರೆ."

ದೊಡ್ಡ ಯಜಮಾನರು ಕನ್ನಡಕ ತೆಗೆದು ಒರೆಸಿದರು. ಕೊನೆಗೆ ಅವರು, "ಯಾರಾದರೂ ಬಂದು ತೆಗೀರಿ ಅಂದ್ರೆ ಹೊಣೆ ನಿಂದು" ಎಂದು ಒಳಗೆ ಹೋದರು. ಯಾರೂ ಬರಲಿಲ್ಲ. ಹನ್ನೆರಡು ವರ್ಷದಲ್ಲಿ ಒಬ್ಬ ಗಂಡೂ ಬಂದು ನನ್ನ ರಾಜಶ್ರೀ ತೆಗೆಯಿರಿ ಎನ್ನಲಿಲ್ಲ. ಬಹಳ ಜನಕ್ಕೆ ಅದೇನೆಂದು ಗೊತ್ತೂ ಇರಲಿಲ್ಲ. ಆದರೂ ಓದುವಾಗ ಬೆನ್ನು ನೆಟ್ಟಗಾಗುತ್ತಿತ್ತು.

ಇನ್ನು ಈಗಿನ ವಿಷಯ. ಮೂರು ತಿಂಗಳ ಹಿಂದೆ ಮಾತುಕತೆಗೆಂದು ಅಕ್ಕಯಮ್ಮ ಚಾಮರಾಜಪೇಟೆಗೆ ಹೋಗಿದ್ದರು. ಸಿದ್ದಬಸಪ್ಪನವರು ಸರ್ಕಾರಿ ಜೀಪು ಓಡಿಸಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದುರಿಗೆ ಯಾರು ಕೂತರೂ ಸಾಹೇಬರ ಗತ್ತು. ನಡುಮನೆಯ ಗೋಡೆಯ ಮೇಲೆ, ಬುದ್ಧನ ಚಿತ್ರದ ಕೆಳಗೆ, ಗಾಜು ಹಾಕಿಸಿದ ಹಳೆಯ ಲಗ್ನಪತ್ರಿಕೆ ತೂಗುಹಾಕಿದ್ದರು.

"ನನ್ನ ಮದುವೇದು. ಎಂಬತ್ತೊಂಬತ್ತನೇ ಇಸವಿ. ನೋಡಿ ಅಕ್ಕಯಮ್ಮೋರೆ, ಚಿರಾ ಸಿದ್ದಬಸಪ್ಪ! ನಾವೇನೂ ಕೇಳಿರ್ಲಿಲ್ಲ. ನಮ್ಮಪ್ಪನ ಮರ್ಯಾದೆ ನೋಡಿ ಅಂಗಡಿಯೋರೇ ತಾವಾಗಿ ಹಾಕಿದ್ರು. ಆಗಿನ ಕಾಲ್ದಲ್ಲಿ ನಮ್ಮೋರಲ್ಲಿ ಯಾರಿಗಿತ್ತು ಹೇಳಿ?"

ಅಕ್ಕಯಮ್ಮ ಎದ್ದು ಹತ್ತಿರ ಹೋಗಿ ನೋಡಿದರು. 'ರಾ' ಪಕ್ಕದ ಎರಡನೇ ಗೀಟು ಅರ್ಧ ಇತ್ತು.

"ಚೆನ್ನಾಗಿದೆ" ಎಂದು ಬಂದು ಕೂತು ಕಾಫಿ ಕುಡಿದರು. ಮತ್ತೇನೂ ಹೇಳಲಿಲ್ಲ. ಒಬ್ಬರು ಮೂವತ್ತೈದು ವರ್ಷ ಗೋಡೆಯ ಮೇಲಿಟ್ಟುಕೊಂಡ ಸಂತೋಷವನ್ನು ಕಾಫಿ ಆರುವುದರೊಳಗೆ ಕಿತ್ತುಕೊಳ್ಳುವುದು ಅವರಿಗೆ ಸರಿಕಾಣಲಿಲ್ಲ.

ಆದರೆ ಮಗಳ ಕಾರ್ಡಿಗೆ ಬರಹ ಬರೆಯಲು ಕೂತ ದಿನ, ರೂಢಿಯ ಮೇಲೆ 'ಚಿ|| ಕುಂ||' ಎಂದು ಬರೆದಾದ ಮೇಲೆ ಕೈ ನಿಂತಿತು. ಸೆರಗಿನ ಗಂಟು ಬಿಚ್ಚಿ ಬಿಚ್ಚಿ ಎಷ್ಟು ಜನಕ್ಕೆ ಇಟ್ಟೆ ಎಂದು ನೆನೆದರು. ಎಲ್ಲ ಗಂಡಸರೇ. ಒಬ್ಬ ಹುಡುಗಿಗೂ ಇಡಲಿಲ್ಲ. ನಿಘಂಟಿನಲ್ಲಿ ಆ ಮಾತು ಹೆಣ್ಣೆಂದು ಓದಿದವಳು ನಾನು, ನನಗೇ ಹೊಳೆಯಲಿಲ್ಲವಲ್ಲ! ಅವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು. 'ಕುಂ||' ಹೊಡೆದುಹಾಕಿ 'ರಾ||' ಎಂದು ಬರೆದರು.

ಕರಡು ಫೋನಿನಲ್ಲಿ ಚಾಮರಾಜಪೇಟೆಗೆ ಹೋದ ಅರ್ಧ ಗಂಟೆಗೆ ಸಿದ್ದಬಸಪ್ಪನವರ ಕರೆ ಬಂತು.

"ಅಕ್ಕಯಮ್ಮೋರೆ, ಪ್ರಿಂಟ್ ಮಿಸ್ಟೇಕ್ ಆಗಿದೆ ನೋಡಿ. ಹುಡುಗಿ ಮುಂದೆ ರಾ ಬಂದ್ಬಿಟ್ಟಿದೆ."

"ಮಿಸ್ಟೇಕಲ್ಲ. ನಾನೇ ಹಾಕ್ಸಿದ್ದು."

"ಹೆಣ್ಣಿಗೆ ಎಲ್ಲಾದ್ರೂ ರಾ ಉಂಟಾ? ಜನ ಏನಂತಾರೆ, ಸಿದ್ದಬಸಪ್ಪನ ಮನೆಗೆ ಸೊಸೆ ಬರ್ತಿದಾಳೋ, ರಾಜ ಬರ್ತಿದಾನೋ ಅಂತಾರೆ!"

"ಅನ್ನಲಿ ಬಿಡಿ."

"ಅದೆಲ್ಲ ಆಗಲ್ಲ. ಸೋಮವಾರ ಅಂಗಡಿಗೆ ಬರ್ತೀನಿ, ಅಷ್ಟ್ರಲ್ಲಿ ತೆಗೆಸಿ. ತೆಗೆಸ್ದಿದ್ರೆ ಕಾರ್ಡೂ ಬೇಡ, ಇನ್ನೊಂದೂ ಬೇಡ."

ಇನ್ನೊಂದು ಎಂದರೆ ಏನೆಂದು ಬಿಡಿಸಿ ಹೇಳಬೇಕಿರಲಿಲ್ಲ.

ಭಾನುವಾರ ಮಧ್ಯಾಹ್ನ, ಬಿನ್ನಿಪೇಟೆಯ ಮನೆಯಲ್ಲಿ ಊಟವಾದ ಮೇಲೆ, ರಂಜಿನಿ ಮಾತು ತೆಗೆದಳು.

"ಅಮ್ಮಾ, ಒಂದಕ್ಷರ. ಮದುವೆ ಆದ್ಮೇಲೆ ಆ ಕಾರ್ಡಲ್ಲಿ ಜನ ಕುಂಕುಮ ಕಟ್ಟಿಡ್ತಾರೆ ಅಷ್ಟೆ. ಅದಕ್ಕೋಸ್ಕರ ಇಷ್ಟು ಹಟ ಬೇಕಾ?"

ಅಕ್ಕಯಮ್ಮ ಎದ್ದರು. ಬೀರುವಿನ ಬಟ್ಟೆಗಳ ಅಡಿಯಿಂದ ತಮ್ಮ ಲಗ್ನಪತ್ರಿಕೆ ತೆಗೆದು ಮಗಳ ತೊಡೆಯ ಮೇಲಿಟ್ಟರು. ರಂಜಿನಿ ಅದನ್ನು ಮೊದಲೂ ನೋಡಿದ್ದಳು. ಈ ಸಲ ಕೇಳಿದಳು.

"ಇಲ್ಯಾಕೆ ಖಾಲಿ ಇದೆ?"

ಅಕ್ಕಯಮ್ಮ ಹೇಳಿದರು. ಇನಿಷಿಯಲ್ ಎಂದದ್ದು, ಇಬ್ಬರು ನಕ್ಕದ್ದು, ಚಿಮುಟ. ರಂಜಿನಿ ಆ ಬಿಳಿ ಜಾಗದ ಮೇಲೆ ಹೆಬ್ಬೆರಳು ಇಟ್ಟು ನೋಡಿದಳು. ಸರಿಯಾಗಿ ಹೆಬ್ಬೆರಳಿನಷ್ಟೇ ಅಗಲ.

"ಅಪ್ಪಂಗೆ ಗೊತ್ತಿತ್ತಾ?"

"ಹೇಳ್ಲಿಲ್ಲ. ಹೇಳಿದ್ರೆ ಅವ್ರಿಗೂ ಖಾಲಿ ಅನ್ಸೋದು."

ರಂಜಿನಿ ಫೋನು ತೆಗೆದು ರವಿಕುಮಾರನಿಗೆ ಹಚ್ಚಿದಳು. ಅಮ್ಮನಿಗೂ ಕೇಳಲಿ ಎಂದು ದನಿ ಜೋರು ಮಾಡಿದಳು.

"ರವಿ, ಕಾರ್ಡಿನ ವಿಷ್ಯ ನಿಂದೇನು ಹೇಳು."

"ನಂಗೇನು ರಂಜೂ, ಮೂರು ರಾ ಬೇಕಾದ್ರೂ ಹಾಕ್ಕೊ. ದೊಡ್ಡಪ್ಪನ ಮುಂದೆ ಹೇಳೋಕೆ ಧೈರ್ಯ ಬರ್ತಿಲ್ಲ ಅಷ್ಟೆ."

"ಧೈರ್ಯ ಇಲ್ದೋನಿಗೆ ರಾಜಶ್ರೀ ಬೇರೆ!" ಎಂದು ಫೋನು ಇಟ್ಟಳು. ಇಟ್ಟ ಮೇಲೆ ಕಣ್ಣು ಒದ್ದೆಯಾಗಿತ್ತು. ಅವಳಿಗೆ ಆ ಹುಡುಗ ಇಷ್ಟ, ಅದನ್ನು ಅಕ್ಕಯಮ್ಮ ಬಲ್ಲರು.

"ತೆಗೆದ್ಬಿಡ್ಲಾ ಮಗಾ?" ಎಂದು ಮೆಲ್ಲನೆ ಕೇಳಿದರು. ನಲವತ್ತು ವರ್ಷದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು.

ರಂಜಿನಿ ಹಳೆಯ ಕಾರ್ಡನ್ನು ಮಡಿಚಿ ಕೈಗೆ ಕೊಟ್ಟಳು. "ಬೇಡ. ತೆಗೆದ್ರೆ ನನ್ನ ಕಾರ್ಡಲ್ಲೂ ಖಾಲಿ ಜಾಗ ಇದೆ ಅಂತ ನಂಗೆ ಮಾತ್ರ ಕಾಣ್ತಾ ಇರುತ್ತೆ. ಮದುವೆ ನಿಲ್ಬಾರ್ದು ಅಂತ ಆಸೆ ಇದೆ. ಆದ್ರೂ ತೆಗೀಬೇಡ."

ಸೋಮವಾರ ಹನ್ನೊಂದು ಗಂಟೆಗೆ ಸಿದ್ದಬಸಪ್ಪನವರು ಅಂಗಡಿಯ ಮೆಟ್ಟಿಲು ಹತ್ತಿದರು. ಈಗಿನ ಯಜಮಾನರು ಚಕ್ರಪಾಣಿ. ಅರವತ್ತು ದಾಟಿದ್ದಾರೆ, ಗಿರಾಕಿ ಗಂಟು ಮುಖ ಹಾಕಿದರೆ ಅವರಿಗೆ ಕೈಕಾಲು ಆಡುವುದಿಲ್ಲ. ಕುರ್ಚಿ ಎಳೆದು ಕೊಟ್ಟರು, ಕಾಫಿ ತರಿಸಿದರು, ಕಂಪ್ಯೂಟರಿನಲ್ಲಿ ಕರಡು ತೆರೆದರು.

"ತೆಗೆಸಿದ್ರಾ?" ಎಂದರು ಸಿದ್ದಬಸಪ್ಪ.

"ಇಲ್ಲ" ಎಂದರು ಅಕ್ಕಯಮ್ಮ.

ಚಕ್ರಪಾಣಿಯವರು ತಗ್ಗಿದ ದನಿಯಲ್ಲಿ, "ಅಕ್ಕಯಮ್ಮ, ಮಗಳ ಮದುವೆ. ಸುಮ್ನೆ ತೆಗೆದ್ಬಿಡೋಣ. ಒಂದು ನಿಮಿಷದ ಕೆಲ್ಸ" ಎನ್ನುತ್ತ ಮೌಸಿಗೆ ಕೈ ಹಾಕಿದರು.

"ಚಿಮುಟ ಕೊಡ್ಲಾ ಯಜಮಾನ್ರೆ?"

ಚಕ್ರಪಾಣಿಯವರ ಕೈ ನಿಂತಿತು. ಅವರು ಅಕ್ಕಯಮ್ಮ ಅವರ ಮುಖ ನೋಡಲಿಲ್ಲ. ಕೈಯನ್ನು ಮೌಸಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು, ಮತ್ತೆ ಅದನ್ನು ಮುಟ್ಟಲಿಲ್ಲ.

ಸಿದ್ದಬಸಪ್ಪನವರಿಗೆ ಇದೇನೂ ತಿಳಿಯಲಿಲ್ಲ. "ಏನ್ರೀ ಇದು, ಕೆಲಸಕ್ಕಿರೋರು ಹೇಳ್ದಂಗೆ ಯಜಮಾನ್ರು ಕೇಳೋದಾ? ಒಳ್ಳೆ ದರ್ಬಾರು!"

"ದರ್ಬಾರು ಅಂದ್ರಲ್ಲ, ಅದ್ರ ವಿಷ್ಯಾನೇ ಮಾತಾಡೋಣ" ಎಂದರು ಅಕ್ಕಯಮ್ಮ. "ರಾ ಅಂದ್ರೆ ಏನು ಹೇಳಿ ಸ್ವಾಮಿ?"

"ರಾ ಅಂದ್ರೆ... ಚಿರಾ. ಚಿರಂಜೀವಿ ರಾಯರು."

"ರಾಜಶ್ರೀ. ಅರಸನಿಗಿರೋ ಅಧಿಕಾರ. ಆ ಅಧಿಕಾರಾನ ನಿಘಂಟಲ್ಲಿ ಲಕ್ಷ್ಮಿ ಅಂತ ಬರೆದಿದಾರೆ, ರಾಜ್ಯಲಕ್ಷ್ಮಿ. ಅವಳು ಬಂದ್ರೆ ರಾಜ. ಎದ್ದೋದ್ರೆ ಅವನು ಬರೀ ಒಬ್ಬ ಗಂಡಸು. ಹೆಣ್ಣಿನ ಹೆಸರನ್ನ ಹೆಣ್ಣಿಗೆ ಇಟ್ರೆ ನಗೋರು ಯಾರು?"

"ನಿಘಂಟು ನೋಡಿ ಯಾರೂ ಮದುವೆ ಮಾಡಲ್ಲ. ನಮ್ಮ ವಂಶದಲ್ಲಿ ಗಂಡಸ್ರಿಗೆ ರಾ ಇದೆ. ದೊಡ್ಡೋರು ಗುರ್ತಿಸಿ ಕೊಟ್ಟಿದ್ದು ಅದು. ಅದನ್ನ ಕಂಡಕಂಡೋರಿಗೆ ಹಂಚೋಕಾಗಲ್ಲ."

ಕಂಡಕಂಡವರು ಎಂಬ ಮಾತು ಕೇಳಿದ ಮೇಲೆ ಅಕ್ಕಯಮ್ಮ ಸುಮ್ಮನಿರಲಿಲ್ಲ. ಸೆರಗಿನ ಗಂಟು ಬಿಚ್ಚಿದರು. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಸೀಸದ ಮೊಳೆಯನ್ನು ಕರಡಿನ ಮೇಲೆ ಇಟ್ಟರು.

"ನಿಮ್ಮನೆ ಗೋಡೆ ಮೇಲಿರೋ ಕಾರ್ಡಲ್ಲಿ, ರಾ ಪಕ್ಕದ ಎರಡ್ನೇ ಗೀಟು ಅರ್ಧ ಇದೆ. ಹೌದಾ, ಅಲ್ವಾ?"

ಸಿದ್ದಬಸಪ್ಪನವರು ಹುಬ್ಬು ಗಂಟಿಕ್ಕಿದರು. ಮೂವತ್ತೈದು ವರ್ಷ ದಿನಾ ನೋಡಿದ್ದ ಕಾರ್ಡು. "ಇದೆ. ಮಸಿ ಹತ್ತಿಲ್ಲ ಅಂದ್ಕೊಂಡಿದ್ದೆ."

"ಮಸಿ ಹತ್ತಿದೆ. ಮೊಳೆಯೇ ಮುರಿದಿದ್ದು. ಇದೇ ಅದು."

ಸಿದ್ದಬಸಪ್ಪನವರು ಕನ್ನಡಕ ಹಾಕಿಕೊಂಡು ಮೊಳೆಯನ್ನು ಎರಡು ಬೆರಳಲ್ಲಿ ಎತ್ತಿದರು. ತಿರುವುಮುರುವಾದ ಅಕ್ಷರ ಅವರಿಗೆ ಓದಲಾಗಲಿಲ್ಲ. ಗೀಟು ಮಾತ್ರ ಕಂಡಿತು. ಒಂದು ಉದ್ದ, ಒಂದು ಅರ್ಧ.

"ನಿಮ್ಮ ತಂದೆಯವ್ರ ಬರಹದಲ್ಲಿ ರಾ ಇರ್ಲಿಲ್ಲ. ಅಂಗಡಿಯೋರು ಗುರ್ತಿಸೂ ಇರ್ಲಿಲ್ಲ. ನಿಮ್ಮನ್ನ ನೋಡದೆ, ಯಾರು ಅಂತ ಕೇಳದೆ, ನಾನಿಟ್ಟೆ. ನಮ್ಮನೆಯೋರಿಗೆ ಕೊಡ್ಲಿಲ್ಲ ಅಂತ ಎಲ್ರಿಗೂ ಇಟ್ಟೆ. ಸುಳ್ಳು ಅನ್ಸಿದ್ರೆ ಯಜಮಾನ್ರನ್ನ ಕೇಳಿ."

ಚಕ್ರಪಾಣಿಯವರು ತಲೆ ಎತ್ತದೆ, "ಹೌದು. ನಮ್ಮ ತಂದೆ ಕಿತ್ತಿದ್ದು, ಇವರು ಇಟ್ಟಿದ್ದು. ಆವತ್ತು ನಾನೂ ಇಲ್ಲೇ ಕೂತು ನಕ್ಕಿದ್ದೆ" ಎಂದರು.

ಹೊರಗೆ ರಸ್ತೆಯಲ್ಲಿ ಕಾರ್ಡಿನ ಬಂಡಲು ತುಂಬಿದ ಗಾಡಿಯೊಂದು ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿತ್ತು. ಸಿದ್ದಬಸಪ್ಪನವರ ಕಿವಿ ಕೆಂಪಾಗಿತ್ತು. ಅವರು ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದು ಅಕ್ಕಯಮ್ಮ ಕಾದರು. ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರೂ, ಭಾನುವಾರ ಒದ್ದೆಯಾಗಿದ್ದ ಮಗಳ ಕಣ್ಣು ನೆನಪಾಯಿತು.

"ಇದನ್ನ ಆವತ್ತು ಮನೇಗೆ ಬಂದಾಗ್ಲೇ ಹೇಳ್ಬೋದಿತ್ತಲ್ಲಮ್ಮ" ಎಂದರು ಅವರು ಕೊನೆಗೆ. ದನಿಯಲ್ಲಿ ಜೀಪಿನ ಸಾಹೇಬರು ಇರಲಿಲ್ಲ.

"ಕಾಫಿ ಚೆನ್ನಾಗಿತ್ತು. ಕೆಡಿಸೋಕೆ ಮನಸ್ಸು ಬರ್ಲಿಲ್ಲ. ನೀವು ನನ್ನ ಮಗಳಿಗೆ ಬೇಡ ಅನ್ನದಿದ್ರೆ ಈಗ್ಲೂ ಹೇಳ್ತಿರ್ಲಿಲ್ಲ."

ಸಿದ್ದಬಸಪ್ಪನವರು ಮೊಳೆಯನ್ನು ಇಟ್ಟು ಮತ್ತೆ ಎತ್ತಿದರು. "ಹಂಗಾದ್ರೆ ನನ್ನ ಕಾರ್ಡು ಗೋಡೆಯಿಂದ ಇಳಿಸ್ಬೇಕೋ?"

"ಯಾಕೆ ಇಳಿಸ್ತೀರಾ? ಅದು ನಿಮ್ದೇ. ಕೊಟ್ಟೋಳು ನಾನು, ವಾಪಸ್ ಕೇಳ್ತಿಲ್ಲ. ಪಕ್ಕದಲ್ಲಿ ಇನ್ನೊಂದು ಕಾರ್ಡಿಗೆ ಜಾಗ ಮಾಡಿ ಅಷ್ಟೆ."

ಅವರು ಬಹಳ ಹೊತ್ತು ಕರಡನ್ನು ನೋಡಿದರು. ರಂಜಿನಿಯ ಹೆಸರು, ಅದರ ಕೆಳಗೆ ರವಿಕುಮಾರನ ಹೆಸರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, "ಜನ ನಕ್ರೆ ನಿಮ್ಮ ಕಡೆ ಕೈ ತೋರಿಸ್ತೀನಿ" ಎಂದು ಗೊಣಗಿದರು.

"ತೋರಿಸಿ. ಮದುವೆ ಮನೆ ಬಾಗ್ಲಲ್ಲೇ ನಿಂತಿರ್ತೀನಿ."

ಅವರು 'ಸರಿಯಿದೆ' ಎಂದು ಬರೆದು, ಕೆಳಗೆ 'ಸಿದ್ದಬಸಪ್ಪ' ಎಂದು ಸಹಿ ಹಾಕಿ ಕರಡನ್ನು ಮುಂದೆ ತಳ್ಳಿದರು. ಅಕ್ಕಯಮ್ಮ ಅದನ್ನೂ ಕರಡಿನಂತೆಯೇ ಬೆರಳಿಟ್ಟು ಓದಿದರು.

"ಒಂದಕ್ಷರ ಬಿಟ್ಟಿದೀರಿ ಬೀಗರೇ."

"ಎಲ್ಲಿ?"

"ನಿಮ್ಮ ಹೆಸರಿನ ಮುಂದೆ."

ಸಿದ್ದಬಸಪ್ಪನವರು ಅವರನ್ನು ದಿಟ್ಟಿಸಿದರು. ಗೇಲಿ ಮಾಡುತ್ತಿದ್ದಾರೋ ಎಂದು ಮುಖ ಹುಡುಕಿದರು. ಅಕ್ಕಯಮ್ಮ ನಗುತ್ತಿರಲಿಲ್ಲ. ಸಿದ್ದಬಸಪ್ಪನವರು ಪೆನ್ನಿನ ಮುಚ್ಚಳ ಮತ್ತೆ ತೆಗೆದು, ಹೆಸರಿನ ಎಡಕ್ಕೆ ಇದ್ದ ಸ್ವಲ್ಪ ಜಾಗದಲ್ಲಿ 'ರಾ' ಎಂದು ಬರೆದರು. ಗೀಟು ಹಾಕುವುದನ್ನು ಮರೆತರು.

ಅಕ್ಕಯಮ್ಮ ತಿದ್ದುವ ಕೆಂಪು ಪೆನ್ನು ತೆಗೆದುಕೊಂಡು ಅದರ ಪಕ್ಕದಲ್ಲಿ ಎರಡು ಗೀಟು ಎಳೆದರು. ಎರಡನ್ನೂ ಪೂರ್ತಿ.